ಕುದುರೆ ಮೇಲಿಂದ ಬಿದ್ದವರ ಹೆಸರೂ ಬರೆದಿಡಿ: ಆಸ್ಕರ್ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಆಸ್ಕರ್ ಅಕಾಡೆಮಿಯ ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯವರಿಗೆ,

ನಮಸ್ಕಾರ.

2025ರ ಏಪ್ರಿಲ್ 10ರಂದು ನೀವು ಒಂದು ಒಳ್ಳೆ ಸುದ್ದಿ ಕೊಟ್ಟಿರಿ. 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಂದ ಶುರುಮಾಡಿ ಸ್ಟಂಟ್ ವಿನ್ಯಾಸಕ್ಕೂ ಒಂದು ಆಸ್ಕರ್ ಇರುತ್ತದೆ, ಮೊದಲನೆಯದನ್ನು 2028ರ ನೂರನೇ ಸಮಾರಂಭದಲ್ಲಿ ಕೊಡುತ್ತೇವೆ ಅಂದಿರಿ. ಆ ಪ್ರಕಟಣೆ ಜೊತೆ ಹಾಕಿದ ಚಿತ್ರದಲ್ಲಿ ಆರ್‌ಆರ್‌ಆರ್ ಸಿನಿಮಾದ ಒಂದು ದೃಶ್ಯವೂ ಇತ್ತು. ಅದರ ನಿರ್ದೇಶಕ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ. ಹಾಗಾಗಿ ನಮ್ಮ ಕಡೆ ಆ ಚಿತ್ರ ಮೊಬೈಲಿಂದ ಮೊಬೈಲಿಗೆ ಚೆನ್ನಾಗಿಯೇ ಓಡಾಡಿತು. ನನಗೂ ಖುಷಿಯಾಯಿತು.

ಆದರೆ ಆ ತಾರೀಖು ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಇನ್ನೊಂದು ಏಪ್ರಿಲ್ 10. 1972ರದ್ದು. ಅವತ್ತು ಲಾಸ್ ಏಂಜಲೀಸ್‌ನ ಡೊರೊಥಿ ಚಾಂಡ್ಲರ್ ಪೆವಿಲಿಯನ್‌ನಲ್ಲಿ ನಿಮ್ಮ ಸಮಾರಂಭ. ಚಾರ್ಲಿ ಚಾಪ್ಲಿನ್ ಎಷ್ಟೋ ವರ್ಷಗಳ ಮೇಲೆ ಅಮೆರಿಕಕ್ಕೆ ಬಂದು ಗೌರವ ಪ್ರಶಸ್ತಿ ತಗೊಂಡ ರಾತ್ರಿ ಅದು. ಅದೇ ರಾತ್ರಿ 53 ವರ್ಷದ ಒಬ್ಬ ಮನುಷ್ಯ ಅತ್ಯುತ್ತಮ ಪೋಷಕ ನಟ ಅಂತ ವೇದಿಕೆ ಹತ್ತಿದ. ಒಕ್ಲಹೋಮದ ದನಕಾಯುವ ಬಯಲಲ್ಲಿ ಬೆಳೆದವನು. ಹೆಸರು ಬೆನ್ ಜಾನ್ಸನ್. ಇದು ನನಗಿಂತ ಒಳ್ಳೆಯವನಿಗೆ ಸಿಗೋಕೆ ಸಾಧ್ಯವೇ ಇರಲಿಲ್ಲ ಅನ್ನೋ ಅರ್ಥದ ಒಂದು ಮಾತು ಹೇಳಿ, ಎಲ್ಲರನ್ನೂ ನಗಿಸಿ ಕೆಳಗಿಳಿದ.

ನೀವು ಅವನಿಗೆ ಪ್ರಶಸ್ತಿ ಕೊಟ್ಟಿದ್ದು ನಟನೆಗೆ. ಸರಿಯಾಗಿಯೇ ಕೊಟ್ಟಿದ್ದೀರಿ. ಆದರೆ ಆ ವೇದಿಕೆ ತನಕ ಅವನನ್ನು ಕರೆದುಕೊಂಡು ಬಂದ ಕೆಲಸ ಬೇರೆ: ತಾರೆಗಳ ಬದಲಿಗೆ ಡೂಪ್ ಆಗಿ ಕುದುರೆ ಓಡಿಸೋದು, ಬೀಳೋದು. ಆ ಕೆಲಸ ಮಾಡಿದ ನೂರಾರು ಜನರ ಹೆಸರು ಸಿನಿಮಾದ ಪಟ್ಟಿಯಲ್ಲಿ ಇಲ್ಲ, ಗೋಡೆ ಮೇಲೆ ಇಲ್ಲ. ಅದಕ್ಕೇ ಈ ಪತ್ರ.

ಬೆನ್ ಹುಟ್ಟಿದ್ದು 1918ರಲ್ಲಿ, ಒಕ್ಲಹೋಮದ ಫೋರೇಕರ್ ಅನ್ನೋ ಸಣ್ಣ ಊರಲ್ಲಿ. ಅಪ್ಪನ ಹೆಸರೂ ಬೆನ್ ಜಾನ್ಸನ್ನೇ. ಅವರು ದನ ಸಾಕುವ ದೊಡ್ಡ ರ‍್ಯಾಂಚ್ ಒಂದರ ಮೇಸ್ತ್ರಿ, ಹಗ್ಗ ಎಸೆದು ದನ ಹಿಡಿಯೋದರಲ್ಲಿ ಆ ಸೀಮೆಗೇ ಹೆಸರಾದವರು. ಮಗನೂ ಅದೇ ಕೆಲಸಕ್ಕೆ ಇಳಿದ. ಸಂಬಳ ದಿನಕ್ಕೆ ಒಂದು ಡಾಲರ್. 1940ರ ಹೊತ್ತಿಗೆ ನಿರ್ಮಾಪಕ ಹೊವಾರ್ಡ್ ಹ್ಯೂಸ್ ತನ್ನ ಒಂದು ಸಿನಿಮಾಗೆ ಆ ಕಡೆಯಿಂದ ಕುದುರೆ ಕೊಂಡ. ಕುದುರೆಗಳನ್ನು ತಲುಪಿಸೋಕೆ ಒಬ್ಬ ಆಳು ಬೇಕಿತ್ತು. ಬೆನ್ ಹೊರಟ. ಅಲ್ಲಿ ಕೈಗೆ ಬಂದ ಮೊದಲ ಚೆಕ್ಕು 300 ಡಾಲರ್. ದಿನಕ್ಕೊಂದು ಡಾಲರ್ ಎಣಿಸುತ್ತಿದ್ದವನಿಗೆ ಅದು ಹತ್ತಿರ ಹತ್ತಿರ ಒಂದು ವರ್ಷದ ದುಡ್ಡು. ಆಮೇಲೆ ಬಡಿಗೆ ತಗೊಂಡು ಅಟ್ಟಿದ್ದರೂ ನಾನು ವಾಪಸ್ ಹೋಗುತ್ತಿರಲಿಲ್ಲ ಅಂತ ಅವನೇ ಹೇಳುತ್ತಿದ್ದ. ಹಾಲಿವುಡ್‌ಗೆ ಹೇಗೆ ಬಂದಿರಿ ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ: ಕುದುರೆಗಳ ಜೊತೆ ಬಂದೆ.

ಬಂದವನು ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ನಿಂತ, ಡೂಪ್ ಆದ. ಆ ಕಾಲದ ದೊಡ್ಡ ತಾರೆಗಳಾದ ಜಾನ್ ವೇನ್‌ಗೆ, ಜಿಮ್ಮಿ ಸ್ಟೂವರ್ಟ್‌ಗೆ, ಹೆನ್ರಿ ಫೋಂಡಾಗೆ. ನಾಯಕ ಜೀನಿನ ಮೇಲೆ ಕೂತು ಗಂಭೀರವಾಗಿ ಎದುರು ನೋಡುವುದು ಒಂದು ಶಾಟ್. ಮುಂದಿನ ಶಾಟ್‌ನಲ್ಲಿ ದೂರದಿಂದ ಕಾಣುವ, ಅದೇ ಟೋಪಿ, ಅದೇ ಅಂಗಿ ಹಾಕಿಕೊಂಡು ಕಡಿದಾದ ದಿಬ್ಬ ಇಳಿಯುವವನು ಬೆನ್. 1941ರಲ್ಲಿ ಮದುವೆಯಾಗಿದ್ದೂ ಇದೇ ಕಸುಬಿನ ಮನೆಯಲ್ಲಿ. ಹೆಂಡತಿ ಕ್ಯಾರಲ್, ಹಾಲಿವುಡ್ ಸಿನಿಮಾಗಳಿಗೆ ಕುದುರೆ ಬಾಡಿಗೆಗೆ ಕೊಡುತ್ತಿದ್ದ ಫ್ಯಾಟ್ ಜೋನ್ಸ್ ಅವರ ಮಗಳು. 1994ರಲ್ಲಿ ಆಕೆ ತೀರಿಕೊಳ್ಳುವ ತನಕ ಇಬ್ಬರೂ ಜೊತೆಗಿದ್ದರು.

ಈಗ ಬಂಡಿಯ ಕತೆಗೆ ಬರುತ್ತೇನೆ. ನಿಮಗೆ ಗೊತ್ತಿರುವ ಕತೆಯೇ. ಆದರೂ ಹೇಳುತ್ತೇನೆ, ಯಾಕೆಂದರೆ ಈ ಪತ್ರ ಓದುವ ನಮ್ಮ ಜನರಲ್ಲಿ ಹೆಚ್ಚಿನವರಿಗೆ ಗೊತ್ತಿರೋದಿಲ್ಲ.

1948ರಲ್ಲಿ ಬಂದ ಫೋರ್ಟ್ ಅಪಾಚೆ ಸಿನಿಮಾದ ಶೂಟಿಂಗ್. ನಿರ್ದೇಶಕ ಜಾನ್ ಫೋರ್ಡ್. ಬೆನ್ ಅಲ್ಲಿ ಫೋಂಡಾನ ಡೂಪ್. ಒಂದು ಬಂಡಿಯಲ್ಲಿ ಮೂವರು ಕೂತಿದ್ದರು. ಕುದುರೆಗಳು ಬೆದರಿ ಬಂಡಿ ಸಮೇತ ಓಡತೊಡಗಿದವು. ಇದು ಚಿತ್ರಕತೆಯಲ್ಲಿ ಇದ್ದದ್ದಲ್ಲ, ನಿಜವಾದ ಅನಾಹುತ. ಬೆನ್ ತನ್ನ ಕುದುರೆಯನ್ನು ಹಿಂದೆಯೇ ಓಡಿಸಿ, ಬಂಡಿಯನ್ನು ಹಿಡಿದು ನಿಲ್ಲಿಸಿದ. ಮೂವರ ಜೀವ ಉಳಿಯಿತು.

ಓಡುವ ಬಂಡಿ ನಿಲ್ಲಿಸೋದು ಅಂದರೆ ಏನು ಅಂತ ನನಗೆ ಸಿನಿಮಾ ನೋಡಿ ಗೊತ್ತಾಗಿದ್ದಲ್ಲ. ನಾನು ಆರೇಳು ವರ್ಷದವನಿದ್ದಾಗ ನಮ್ಮ ತಾತನ ಗಾಡಿ ಸಂತೆಯಿಂದ ಬರುತ್ತಿತ್ತು. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆದದ್ದಕ್ಕೆ ಎತ್ತುಗಳು ಬೆದರಿದವು. ತಾತ ಹಗ್ಗ ಎಳೆದು ಹಿಂದಕ್ಕೆ ಬಿದ್ದರು, ಹಗ್ಗ ಕೈಯಿಂದ ಜಾರಿತು, ನಾನು ಗಾಡಿಯ ಗೂಟ ಹಿಡಿದು ಕೂತಿದ್ದೆ. ಒಂದು ಗಾಲಿ ಚರಂಡಿಯ ಅಂಚಿಗೆ ಹೋಗಿ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ರಸ್ತೆ ಬದಿ ಹುಲ್ಲು ಹೊತ್ತು ಬರುತ್ತಿದ್ದ ಒಬ್ಬರು ಹೊರೆ ಬಿಸಾಕಿ ಓಡಿ ಬಂದರು. ಎದುರಿಗೆ ನಿಲ್ಲಲಿಲ್ಲ. ಎದುರಿಗೆ ನಿಂತರೆ ತುಳಿದು ಹೋಗುತ್ತಾವೆ. ಪಕ್ಕದಲ್ಲೇ ನಾಲ್ಕು ಮಾರು ಓಡಿ, ಎತ್ತಿನ ವೇಗಕ್ಕೆ ತಮ್ಮ ವೇಗ ಕೂಡಿಸಿಕೊಂಡು, ಆಮೇಲೆ ಮೂಗುದಾರಕ್ಕೆ ಕೈ ಹಾಕಿ ತಲೆಯನ್ನು ತಮ್ಮ ಕಡೆ ತಿರುಗಿಸಿದರು. ಎತ್ತು ತಲೆ ತಿರುಗಿಸಿದ ಮೇಲೆ ಓಡಲಾರದು. ಗಾಡಿ ನಿಂತಿತು. ಅವರ ಅಂಗೈ ಸುಲಿದು ರಕ್ತ ಬಂದಿತ್ತು. ಅದನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಹುಲ್ಲಿನ ಹೊರೆ ಕಡೆ ನಡೆದರು.

ಅಜ್ಜಿ ಈ ಕತೆಯನ್ನು ನೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಆ ಮನುಷ್ಯನ ಹೆಸರು, ಅವರ ಅಪ್ಪನ ಹೆಸರು, ಯಾವ ಊರು, ಯಾವ ಬೀದಿ ಎಲ್ಲ ಸೇರಿಸಿಯೇ ಹೇಳೋರು. ಹೆಸರು ಬಿಟ್ಟು ಆ ಕತೆ ಹೇಳಿದ್ದನ್ನು ನಾನು ಕೇಳೇ ಇಲ್ಲ.

ಬೆನ್ ಮಾಡಿದ್ದು ಇದೇ ಕೆಲಸ. ಫೋರ್ಡ್ ಅದನ್ನು ಕಣ್ಣಾರೆ ನೋಡಿದ. ನಿನಗೆ ಇದಕ್ಕೆ ಒಳ್ಳೆಯದು ಮಾಡುತ್ತೇನೆ ಅಂದ. ಇನ್ನೊಂದು ಡೂಪ್ ಕೆಲಸ ಸಿಗಬಹುದು, ಹೆಚ್ಚೆಂದರೆ ಒಂದು ಸಣ್ಣ ಪಾತ್ರ ಸಿಗಬಹುದು ಅಂತ ಬೆನ್ ಅಂದುಕೊಂಡಿದ್ದ. ಕೈಗೆ ಬಂದದ್ದು ಏಳು ವರ್ಷದ ನಟನೆಯ ಕರಾರು. ಓದುತ್ತಾ ಐದನೇ ಸಾಲಿಗೆ ಬಂದಾಗ ವಾರಕ್ಕೆ 5,000 ಡಾಲರ್ ಅಂತ ಇತ್ತಂತೆ. ಅಲ್ಲಿಗೇ ಓದೋದು ನಿಲ್ಲಿಸಿ ಪೆನ್ನು ತಗೊಂಡು ಸಹಿ ಹಾಕಿ ವಾಪಸ್ ಕೊಟ್ಟ.

ಆಮೇಲೆ ಬಂದದ್ದು ಅವನ ಅತ್ಯಂತ ಒಳ್ಳೆಯ ಎರಡು ವರ್ಷ. 1949ರಲ್ಲಿ ಶಿ ವೋರ್ ಎ ಯೆಲ್ಲೋ ರಿಬ್ಬನ್, 1950ರಲ್ಲಿ ವ್ಯಾಗನ್ ಮಾಸ್ಟರ್ ಮತ್ತು ರಿಯೋ ಗ್ರಾಂಡೆ. ವ್ಯಾಗನ್ ಮಾಸ್ಟರ್‌ನಲ್ಲಿ ಅವನೇ ನಾಯಕ. ದಯವಿಟ್ಟು ಯಾರಾದರೂ ಈ ಸಿನಿಮಾ ಹುಡುಕಿ ನೋಡಿ. ಅದರಲ್ಲಿ ಅವನು ನಟಿಸುತ್ತಿದ್ದಾನೆ ಅಂತ ಅನ್ನಿಸೋದೇ ಇಲ್ಲ. ಕುದುರೆ ಮೇಲೆ ಕೂತವನು ಮಾತಾಡುತ್ತಿರುತ್ತಾನೆ, ಸೊಂಟ ಮಾತ್ರ ಕುದುರೆಯ ನಡಿಗೆಗೆ ತಕ್ಕಂತೆ ಆಡುತ್ತಿರುತ್ತದೆ, ತಲೆ ನೀರಿನ ಕೊಡ ಹೊತ್ತವರ ಹಾಗೆ ಸ್ಥಿರ. ಲಗಾಮು ಹಿಡಿದ ಕೈ ಎಷ್ಟು ಸಡಿಲ ಅಂದರೆ ಅವನು ಹಿಡಿದಿದ್ದಾನಾ ಇಲ್ಲವಾ ಅಂತ ಅನುಮಾನ ಬರಬೇಕು. ಜೀನು ಹತ್ತುವಾಗ ಬೇರೆ ನಟರು ಒಂದು ಕ್ಷಣ ರಿಕಾಪು, ಅಂದರೆ ಜೀನಿಗೆ ನೇತುಹಾಕಿದ ಕಾಲಿಡುವ ಕೊಂಡಿ, ನೋಡುತ್ತಾರೆ, ಕಾಲು ಸರಿಯಾಗಿ ಸಿಕ್ಕಿತಾ ಅಂತ. ಇವನು ನೋಡೋದಿಲ್ಲ. ನಾವು ಚಪ್ಪಲಿ ಮೆಟ್ಟಿಕೊಳ್ಳುವಾಗ ಕೆಳಗೆ ನೋಡುತ್ತೇವಾ? ಹಾಗೆ.

ರಿಯೋ ಗ್ರಾಂಡೆಯಲ್ಲಿ ಇನ್ನೊಂದು ದೃಶ್ಯ ಇದೆ. ಎರಡು ಕುದುರೆ ಜೋಡಿಯಾಗಿ ಓಡುತ್ತಿವೆ, ಒಂದರ ಬೆನ್ನ ಮೇಲೆ ಒಂದು ಕಾಲು, ಇನ್ನೊಂದರ ಮೇಲೆ ಇನ್ನೊಂದು ಕಾಲು ಇಟ್ಟು ನೆಟ್ಟಗೆ ನಿಂತು ಓಡಿಸೋದು. ರೋಮನ್ ರೈಡಿಂಗ್ ಅನ್ನುತ್ತಾರೆ. ಬೆನ್ ಮತ್ತು ಜೊತೆ ನಟ ಹ್ಯಾರಿ ಕ್ಯಾರಿ ಜೂನಿಯರ್ ಇಬ್ಬರೂ ಇದನ್ನು ಕಲಿತು ತಾವೇ ಮಾಡಿದರು. ಜೀನಿಲ್ಲ, ಕಾಲಿಗೆ ಆಸರೆಯಿಲ್ಲ. ಎರಡು ಕುದುರೆ ಸ್ವಲ್ಪ ದೂರ ಸರಿದರೆ ನಡುವೆ ಬೀಳೋದೇ. ಅದನ್ನು ನೋಡುವಾಗ ಈಗಲೂ ನನ್ನ ಅಂಗಾಲು ಜುಮ್ ಅನ್ನುತ್ತದೆ.

ಆ ಸಿನಿಮಾ ಶೂಟಿಂಗ್ ಹೊತ್ತಿನಲ್ಲೇ ಫೋರ್ಡ್ ಜೊತೆ ಜಗಳವಾಯಿತು. ಊಟದ ಮೇಜಿನಲ್ಲಿ ಎಲ್ಲರೆದುರು ಫೋರ್ಡ್ ಬೈದ. ಬೆನ್ ಎದ್ದು, ಹೇಳಬೇಕಾದ್ದನ್ನು ಮುಖಕ್ಕೆ ಹೇಳಿ ಹೊರಗೆ ನಡೆದ. ಬದುಕು ಕೊಟ್ಟವನೇ ಆದರೂ ಮರ್ಯಾದೆ ಬಿಟ್ಟು ಕೂರಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1964ರ ಷಯೆನ್ ಆಟಮ್ ತನಕ ಫೋರ್ಡ್ ಸಿನಿಮಾದಲ್ಲಿ ಅವನಿಗೆ ಜಾಗ ಇರಲಿಲ್ಲ. ನಾಯಕನಾಗಿ ಬೆಳೆಯಬೇಕಾದ ವಯಸ್ಸೆಲ್ಲ ಆ ನಡುವೆ ಕಳೆಯಿತು.

ಅವನು ಏನು ಮಾಡಿದ ಗೊತ್ತಾ? 1953ರಲ್ಲಿ ಸಿನಿಮಾ ಬಿಟ್ಟು ರೋಡಿಯೋಗೆ, ಅಂದರೆ ದನಕಾಯುವವರ ಕುದುರೆ ಸವಾರಿ, ಹಗ್ಗ ಎಸೆಯುವ ಪಂದ್ಯಗಳಿಗೆ ಹೋದ. ಅಪ್ಪನ ಹಾಗೆ ತಾನೂ ಚಾಂಪಿಯನ್ ಆಗಬೇಕು ಅನ್ನೋ ಆಸೆ. ಅವನು ಆರಿಸಿಕೊಂಡದ್ದು ಟೀಮ್ ರೋಪಿಂಗ್. ಇಬ್ಬರು ಸವಾರರು. ಹೋರಿ ಬಿಟ್ಟ ಕೂಡಲೇ ಒಬ್ಬ ಹಗ್ಗದ ಕುಣಿಕೆಯನ್ನು ಕೊಂಬಿಗೆ ಹಾಕಬೇಕು, ಇನ್ನೊಬ್ಬ ಓಡುವ ಹೋರಿಯ ಎರಡೂ ಹಿಂಗಾಲಿಗೆ ಕುಣಿಕೆ ಹಾಕಿ ಬಿಗಿಯಬೇಕು. ಲೆಕ್ಕ ಸೆಕೆಂಡುಗಳಲ್ಲಿ. ಆ ವರ್ಷ ಬೆನ್ ವಿಶ್ವ ಚಾಂಪಿಯನ್ ಆದ. ಪ್ರಯಾಣ, ಕುದುರೆ, ಪ್ರವೇಶ ಶುಲ್ಕ ಎಲ್ಲ ಕಳೆದು ನೋಡಿದರೆ ಕೈಯಲ್ಲಿ ಮೂರು ಡಾಲರ್ ಕೂಡ ಉಳಿದಿರಲಿಲ್ಲ, ಸವೆದ ಕಾರು ಮತ್ತು ಸಿಟ್ಟಾದ ಹೆಂಡತಿ ಇಷ್ಟೇ ಉಳಿದದ್ದು ಅಂತ ಅವನೇ ಹೇಳಿದ್ದಾನೆ. ಮತ್ತೆ ಸಿನಿಮಾಗೆ ಬಂದ. ಅದೇ ವರ್ಷ ತೆರೆಗೆ ಬಂದ ಶೇನ್‌ನಲ್ಲಿ ಮೊದಲು ಜಗಳಗಂಟನಾಗಿ ಆಮೇಲೆ ಮನಸ್ಸು ಬದಲಾಗುವ ಒಂದು ಸಣ್ಣ ಪಾತ್ರ ಇದೆ. ಮುಂದೆ ವಿಲ್ ಪೆನ್ನಿ, ಹ್ಯಾಂಗ್ ಎಮ್ ಹೈ, 1969ರಲ್ಲಿ ದಿ ವೈಲ್ಡ್ ಬಂಚ್. ನಾನು ಅವನನ್ನು ಮೊದಲು ನೋಡಿದ್ದು ಈ ಕೊನೆಯದರಲ್ಲಿ, ಟಿವಿಯಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ. ಯಾರಿವನು, ಇಷ್ಟು ಸಲೀಸಾಗಿ ಕುದುರೆ ಇಳಿಯುತ್ತಾನಲ್ಲ ಅಂತ ಆಗಲೇ ಅನ್ನಿಸಿತ್ತು.

ನಿಮ್ಮ ಪ್ರಶಸ್ತಿ ಬಂದ ದಿ ಲಾಸ್ಟ್ ಪಿಕ್ಚರ್ ಶೋ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮೊದಲು ಬೆನ್ ಆ ಪಾತ್ರ ಬೇಡ ಅಂದಿದ್ದ. ಮಾತು ಜಾಸ್ತಿ ಇದೆ, ಕೆಟ್ಟ ಮಾತೂ ಇದೆ ಅಂತ. ನಿರ್ದೇಶಕ ಪೀಟರ್ ಬೊಗ್ಡನೊವಿಚ್ ಕೊನೆಗೆ ಫೋರ್ಡ್‌ನಿಂದಲೇ ಹೇಳಿಸಿದ. ಕೆಟ್ಟ ಮಾತೆಲ್ಲ ತೆಗೆದು ತನ್ನ ಬಾಯಿಗೆ ಒಗ್ಗುವ ಹಾಗೆ ಬರೆದುಕೊಳ್ಳಬಹುದು ಅಂದಮೇಲೆ ಒಪ್ಪಿದ. ಇಡೀ ಸಿನಿಮಾದಲ್ಲಿ ಅವನು ಕಾಣೋದು ಸುಮಾರು ಹತ್ತು ನಿಮಿಷ. ಟೆಕ್ಸಸ್‌ನ ಬಯಲಲ್ಲಿ ಒಂದು ಕಟ್ಟೆಯ ನೀರಿನ ಪಕ್ಕ ಕೂತು, ಹಿಂದೆ ಯಾವಾಗಲೋ ಒಬ್ಬ ಹುಡುಗಿ ಜೊತೆ ಅಲ್ಲಿಗೆ ಬಂದದ್ದನ್ನು ಹೇಳುತ್ತಾನೆ. ಕ್ಯಾಮೆರಾ ನಿಧಾನವಾಗಿ ಅವನ ಮುಖದ ಹತ್ತಿರ ಹೋಗಿ, ನಿಧಾನವಾಗಿ ಹಿಂದೆ ಬರುತ್ತದೆ. ಅವನು ಕಣ್ಣೀರು ಹಾಕೋದಿಲ್ಲ, ದನಿ ಏರಿಸೋದಿಲ್ಲ. ಮಳೆ ಬಂದು ಹೋದ ದಿನದ ಬಗ್ಗೆ ಊರಿನ ಹಿರಿಯರು ಜಗಲಿ ಮೇಲೆ ಕೂತು ಹೇಳುತ್ತಾರಲ್ಲ, ಹಾಗೆ ಹೇಳುತ್ತಾನೆ. ಆಸ್ಕರ್ ಮತ್ತು ರೋಡಿಯೋ ವಿಶ್ವ ಚಾಂಪಿಯನ್ ಪಟ್ಟ ಎರಡನ್ನೂ ಗೆದ್ದವನು ಇವತ್ತಿಗೂ ಅವನೊಬ್ಬನೇ. 1996ರ ಏಪ್ರಿಲ್ 8ರಂದು ಆರಿಜೋನಾದ ಮೆಸಾದಲ್ಲಿ, ತಾಯಿಯನ್ನು ನೋಡಲು ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡ. ಒಕ್ಲಹೋಮದ ಪಾಹಸ್ಕಾದಲ್ಲಿ ಅವನ ಹೆಸರಿನ ಒಂದು ಮ್ಯೂಸಿಯಂ ಇದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಬದುಕಿನಲ್ಲಿ ಒಂದೇ ಒಂದು ಗಳಿಗೆ ತೆಗೆದು ನೋಡಿ. ಅವತ್ತು ಆ ಕುದುರೆಗಳು ಬೆದರದೇ ಇದ್ದಿದ್ದರೆ? ಅಥವಾ ಬೆದರಿದ್ದು ಫೋರ್ಡ್ ನೋಡದೇ ಇದ್ದಾಗ ಆಗಿದ್ದರೆ? ಬೆನ್ ಅಷ್ಟೇ ಚೆನ್ನಾಗಿ ಸವಾರಿ ಮಾಡುತ್ತಿದ್ದ, ಅಷ್ಟೇ ಸಲ ಬೀಳುತ್ತಿದ್ದ, ಅವನ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅವನ ಜೊತೆಗೇ ಅದೇ ದಿಬ್ಬ ಇಳಿದವರು, ಅದೇ ಧೂಳು ಕುಡಿದವರು ಹಾಗೇ ಉಳಿದರು. ಅವರು ಬೆನ್‌ಗಿಂತ ಕಡಿಮೆಯವರು ಅಂತಲ್ಲ. ಅವರ ಮುಂದೆ ಬಂಡಿ ಓಡಲಿಲ್ಲ, ಅಷ್ಟೇ.

ಆ ಕಾಲದ ಸಿನಿಮಾ ಶುರುವಾಗುವಾಗ ಬರುವ ಹೆಸರುಗಳನ್ನು ನೋಡಿ. ಒಂದೆರಡು ನಿಮಿಷ, ನಾಲ್ಕಾರು ಫಲಕ. ತಾರೆಗಳು, ಛಾಯಾಗ್ರಾಹಕ, ಸಂಗೀತ, ಸಂಕಲನ, ನಿರ್ಮಾಪಕ, ನಿರ್ದೇಶಕ. ಬಿದ್ದವರ ಹೆಸರಿಗೆ ಅಲ್ಲಿ ಜಾಗ ಇಲ್ಲ. ನಾಯಕನೇ ಎಲ್ಲ ಮಾಡಿದ ಅಂತ ಜನ ನಂಬಬೇಕು, ಅದಕ್ಕೆ ಡೂಪ್ ಹೆಸರು ಬೇಡ. ವ್ಯಾಪಾರದ ದೃಷ್ಟಿಯಿಂದ ನನಗೆ ಇದು ಅರ್ಥವಾಗುತ್ತದೆ. ಆದರೆ ಆ ವ್ಯಾಪಾರ ಮುಗಿದು ಎಪ್ಪತ್ತು ಎಂಬತ್ತು ವರ್ಷವಾಯಿತಲ್ಲ? ಈಗಲೂ ಯಾಕೆ ಮುಚ್ಚಿಡಬೇಕು?

ಸ್ಟಂಟ್‌ಮನ್ ಯಾಕಿಮಾ ಕ್ಯಾನಟ್‌ಗೆ ನೀವು 1967ರಲ್ಲಿ ಗೌರವ ಆಸ್ಕರ್ ಕೊಟ್ಟಿರಿ, ಅದು ನನಗೆ ಗೊತ್ತು. ಕೊಡಲೇಬೇಕಿತ್ತು. 1939ರ ಸ್ಟೇಜ್‌ಕೋಚ್‌ನಲ್ಲಿ ಓಡುವ ಆರು ಕುದುರೆಗಳ ನಡುವೆ ಬಿದ್ದು, ನೆಲದ ಮೇಲೆ ಎಳೆಸಿಕೊಂಡು ಹೋಗಿ, ಕೈ ಬಿಟ್ಟು, ಕುದುರೆಗಳೂ ಬಂಡಿಯೂ ತನ್ನ ಮೇಲೆ ದಾಟಿ ಹೋಗುವ ಹಾಗೆ ಮಲಗಿದವನು ಅವನು. ಅದೇ ಸಿನಿಮಾದಲ್ಲಿ ಜಾನ್ ವೇನ್‌ಗೂ ಅವನೇ ಡೂಪ್. ಬೀಳುವಾಗ ಕಾಲು ಸಿಕ್ಕಿಹಾಕಿಕೊಂಡು ಕುದುರೆ ಎಳೆದುಕೊಂಡು ಹೋಗದ ಹಾಗೆ ರಿಕಾಪಿನ ಆಕಾರವನ್ನೇ ಬದಲಿಸಿದ. ಎಷ್ಟು ಜನರ ಕಾಲು, ಸೊಂಟ ಅದರಿಂದ ಉಳಿಯಿತೋ. ಮುಂದೆ 2012ರಲ್ಲಿ ಇನ್ನೊಬ್ಬ ಸ್ಟಂಟ್‌ಮನ್ ಹ್ಯಾಲ್ ನೀಡಮ್‌ಗೂ ಕೊಟ್ಟಿರಿ. ಸ್ಟಂಟ್‌ಮನ್ ಆಗಿ ಶುರುಮಾಡಿ ಎಷ್ಟೋ ವರ್ಷ ಕುದುರೆ ಓಡಿಸಿದ ರಿಚರ್ಡ್ ಫಾರ್ನ್ಸ್‌ವರ್ತ್‌ನನ್ನು ಎರಡು ಸಲ ನಾಮನಿರ್ದೇಶನ ಮಾಡಿದಿರಿ, ಅದೂ ನಟನೆಗೆ. ಮೂರು ನಾಲ್ಕು ಹೆಸರು ಆಯಿತು. ಉಳಿದವರು?

ಫ್ರೆಡ್ ಕೆನಡಿ ಅನ್ನೋ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಫೋರ್ಡ್ ಸಿನಿಮಾಗಳಲ್ಲಿ ವರ್ಷಗಟ್ಟಲೆ ಕುದುರೆಯಿಂದ ಬಿದ್ದವನು. 1958ರ ಡಿಸೆಂಬರ್‌ನಲ್ಲಿ, ದಿ ಹಾರ್ಸ್ ಸೋಲ್ಜರ್ಸ್ ಶೂಟಿಂಗ್‌ನಲ್ಲಿ, ಹತ್ತಿರ ಹತ್ತಿರ ಐವತ್ತು ವರ್ಷ ವಯಸ್ಸಿನಲ್ಲಿ ಇನ್ನೊಂದು ಸಲ ಬಿದ್ದ. ಕತ್ತು ಮುರಿಯಿತು. ಏಳಲಿಲ್ಲ. ಫೋರ್ಡ್‌ಗೆ ಆಮೇಲೆ ಆ ಸಿನಿಮಾದಲ್ಲಿ ಮನಸ್ಸೇ ಉಳಿಯಲಿಲ್ಲ, ಕೊನೆಯ ಭಾಗವನ್ನು ಬೇಗ ಬೇಗ ಮುಗಿಸಿದ. ಕಲ್ಲಿನ ಹಾಗಿದ್ದ ಫೋರ್ಡ್‌ಗೇ ಹಾಗಾಯಿತು ಅಂದಮೇಲೆ ನಾವು ಆ ಹೆಸರನ್ನು ಸುಮ್ನೆ ಬಿಟ್ಟುಬಿಡೋದು ಹೇಗೆ?

ಹೆಂಗಸರದ್ದು ಇನ್ನೂ ಕಷ್ಟ. ನಾಯಕಿಗೆ ಡೂಪ್ ಬೇಕಾದರೆ ಎಷ್ಟೋ ಸಲ ಗಂಡಸರಿಗೇ ವಿಗ್ಗು ಹಾಕಿ ಕೂರಿಸುತ್ತಿದ್ದರು. ಅಂಥ ಕಾಲದಲ್ಲಿ ರೋಡಿಯೋದಿಂದ ಬಂದು ಸ್ಟಂಟ್ ಮಾಡಿದ ಪಾಲಿ ಬರ್ಸನ್ ಅಂಥವರು ಇದ್ದರು. 1947ರಲ್ಲಿ ನಟಿ ಬೆಟ್ಟಿ ಹಟನ್‌ಗೆ ಡೂಪ್ ಆಗಿ ಕೆಲಸ ಮಾಡಿದಾಕೆ.

ಮತ್ತೆ ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ನವಾಹೋ ಜನ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. 1938ರಲ್ಲಿ ಸ್ಟೇಜ್‌ಕೋಚ್‌ಗಾಗಿ ಫೋರ್ಡ್ ಮಾನ್ಯುಮೆಂಟ್ ವ್ಯಾಲಿಗೆ ಹೋದ. ಅದು ನವಾಹೋಗಳ ನೆಲ. ಆಮೇಲೆ ಇಪ್ಪತ್ತೈದು ವರ್ಷ ಮತ್ತೆ ಮತ್ತೆ ಅಲ್ಲಿಗೇ ಹೋದ. ತೆರೆ ಮೇಲೆ ಬೆಟ್ಟದ ಸಾಲಿನ ಅಂಚಿನಲ್ಲಿ ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುವ ಅಪಾಚೆಗಳು, ಕೊಮಾಂಚೆಗಳು, ಷಯೆನ್‌ಗಳು, ಅವರೆಲ್ಲ ಹೆಚ್ಚಾಗಿ ಆ ಊರಿನ ನವಾಹೋಗಳೇ. ಸ್ವಂತ ನೆಲದಲ್ಲಿ ನಿಂತು ಬೇರೆ ಬುಡಕಟ್ಟಿನವರಾಗಿ ಗುಂಡು ತಿಂದು ಬಿದ್ದರು. ಆ ಬೀಳುಗಳೂ ಸ್ಟಂಟೇ ಅಲ್ವಾ? ಷಯೆನ್ ಆಟಮ್‌ನಲ್ಲಿ ಅವರು ಷಯೆನ್ ಭಾಷೆ ಅಂತ ಆಡೋದು ನವಾಹೋ. ಅವರಿಗೆ ಕೂಲಿ ಸಿಕ್ಕಿತು. ತೆರೆ ಮೇಲೆ ಹೆಸರು ಸಿಕ್ಕಿದ್ದು ಎಷ್ಟು ಜನಕ್ಕೆ?

ಕುದುರೆಗಳ ಮಾತೂ ಒಂದು ಇದೆ. ರನ್ನಿಂಗ್ ಡಬ್ಲ್ಯೂ ಅಂತ ಒಂದು ಪದ್ಧತಿ ಇತ್ತು. ಕುದುರೆಯ ಮುಂಗಾಲಿಗೆ ತಂತಿ ಕಟ್ಟಿ ಇನ್ನೊಂದು ತುದಿಯನ್ನು ನೆಲದಲ್ಲಿ ಬಿಗಿದಿರುತ್ತಿದ್ದರು. ಕುದುರೆ ಪೂರ್ತಿ ವೇಗದಲ್ಲಿ ಓಡಿ ತಂತಿ ಮುಗಿದ ಕಡೆ ಮುಗ್ಗರಿಸಿ ಉರುಳಬೇಕು. ಎಷ್ಟೋ ಕುದುರೆಗಳು ಸತ್ತವು, ಎಷ್ಟೋ ಕಾಲು ಮುರಿದು ಗುಂಡು ಹೊಡೆಸಿಕೊಂಡವು. 1939ರಲ್ಲಿ ಒಂದು ಸಿನಿಮಾಗೆ ಕುದುರೆಯನ್ನು ಬಂಡೆಯ ಮೇಲಿಂದ ನೀರಿಗೆ ಬೀಳಿಸಿದ್ದು ದೊಡ್ಡ ಗಲಾಟೆಯಾಗಿ, 1940ರಿಂದ ಪ್ರಾಣಿ ದಯಾ ಸಂಘದವರು ಶೂಟಿಂಗ್ ಮೇಲೆ ಕಣ್ಣಿಡತೊಡಗಿದರು. ಆಮೇಲೆ ಸವಾರನ ಸನ್ನೆಗೆ ತಾನೇ ಉರುಳುವ ಹಾಗೆ ಕುದುರೆಗಳನ್ನು ಪಳಗಿಸಿದರು, ಬೀಳುವ ಜಾಗದ ಮಣ್ಣನ್ನು ಮೊದಲೇ ಅಗೆದು ಸಡಿಲ ಮಾಡಿದರು. ಈ ಸುರಕ್ಷತೆಯನ್ನು ಕಟ್ಟಿದವರೂ ಇದೇ ಹೆಸರಿಲ್ಲದ ಜನ.

ಈಗ ನಾನು ಕೇಳೋದು ಏನು? ತೀರಿಹೋದವರಿಗೆಲ್ಲ ಚಿನ್ನದ ಗೊಂಬೆ ಕೊಡಿ ಅಂತ ಕೇಳುತ್ತಿಲ್ಲ. ಒಂದು ದಾಖಲೆ ಪುಸ್ತಕ ಕೇಳುತ್ತಿದ್ದೇನೆ, ಯಾರು ಬೇಕಾದರೂ ತೆರೆದು ನೋಡುವಂಥದ್ದು. ಬೆವರ್ಲಿ ಹಿಲ್ಸ್‌ನಲ್ಲಿ ನಿಮ್ಮದೇ ಮಾರ್ಗರೆಟ್ ಹೆರಿಕ್ ಲೈಬ್ರರಿ ಇದೆ, ಸಿನಿಮಾ ಕಾಗದಪತ್ರಗಳ ಭಂಡಾರ ಅದು. ಫೋರ್ಡ್‌ನ ಕಾಗದಪತ್ರ ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿಯಲ್ಲಿದೆ. ದಿನದ ಶೂಟಿಂಗ್ ವರದಿ, ಕೂಲಿ ಪಟ್ಟಿ, ಕುದುರೆ ಬಾಡಿಗೆಯ ಲೆಕ್ಕ, ಗಾಯವಾದಾಗ ಬರೆದ ಚೀಟಿ, ಇಂಥವುಗಳಲ್ಲೇ ಹೆಸರು ಸಿಗೋದು. ಎರಡು ಮೂರು ಜನರನ್ನು ಕೂರಿಸಿ, ಸಿನಿಮಾದಿಂದ ಸಿನಿಮಾಗೆ, ಯಾರು ಯಾರಿಗೆ ಡೂಪ್, ಯಾವ ಬೀಳು ಯಾರದ್ದು ಅಂತ ಬರೆಸಿ. ಮಾನ್ಯುಮೆಂಟ್ ವ್ಯಾಲಿಗೆ ಹೋಗಿ ನವಾಹೋ ಮನೆಗಳಲ್ಲಿ ಕೇಳಿ. ಅಜ್ಜ ಯಾವ ಸಿನಿಮಾದಲ್ಲಿ ಕುದುರೆ ಓಡಿಸಿದ್ದ ಅಂತ ಮೊಮ್ಮಕ್ಕಳು ಮರೆಯೋದಿಲ್ಲ. ಆ ಹೆಸರುಗಳನ್ನು 2021ರಲ್ಲಿ ನೀವು ತೆರೆದ ಮ್ಯೂಸಿಯಂನಲ್ಲಿ ಹಾಕಿ. ನೂರನೇ ಸಮಾರಂಭದಲ್ಲಿ ಹಳೇ ಸಾಹಸಗಳ ತುಣುಕು ತೋರಿಸೇ ತೋರಿಸುತ್ತೀರಿ, ಆಗ ಪ್ರತಿ ತುಣುಕಿನ ಕೆಳಗೆ ಬಿದ್ದವರ ಹೆಸರು ಹಾಕಿ. ತಾರೆಯ ಹೆಸರು ಎಲ್ಲರಿಗೂ ಗೊತ್ತೇ ಇದೆ.

ಇನ್ನೊಂದು ಮಾತು, ಹೊಸ ಪ್ರಶಸ್ತಿಯ ಬಗ್ಗೆ. ಅದನ್ನು ಸ್ಟಂಟ್ ವಿನ್ಯಾಸ ಅಂತ ಕರೆದಿದ್ದೀರಿ. ಅಂದರೆ ಯೋಜನೆ ಮಾಡಿದವರಿಗೆ, ನಮ್ಮ ಕಡೆ ಫೈಟ್ ಮಾಸ್ಟರ್ ಅನ್ನುತ್ತಾರಲ್ಲ ಅವರಿಗೆ. ಸರಿ, ಅವರಿಗೂ ಬೇಕು. ಭಾರತದಲ್ಲಿ 2016ರ ಸಿನಿಮಾಗಳಿಂದ ಸಾಹಸ ನಿರ್ದೇಶನಕ್ಕೆ ರಾಷ್ಟ್ರ ಪ್ರಶಸ್ತಿ ಶುರುವಾಯಿತು, 2018ರದ್ದು ನಮ್ಮ ಕನ್ನಡದ ಕೆಜಿಎಫ್‌ಗೆ ಬಂತು. ಇಲ್ಲೂ ಮಾಸ್ಟರ್ ಹೆಸರು ಪಟ್ಟಿಯಲ್ಲಿ ಇರುತ್ತದೆ, ಮಹಡಿಯಿಂದ ಹಾರಿದ ಹುಡುಗನ ಹೆಸರು ಹುಡುಕಬೇಕು. ಬೆನ್ ಜಾನ್ಸನ್ ಏನನ್ನೂ ವಿನ್ಯಾಸ ಮಾಡಿರಲಿಲ್ಲ. ಬಂಡಿ ಓಡಿತು, ಹಿಡಿದ. ನಿಮ್ಮ ಹೊಸ ನಿಯಮದಲ್ಲಿ ಅವನಿಗೂ ಜಾಗ ಇರುತ್ತಿರಲಿಲ್ಲ. ಹಾಗಾಗಿ 2028ರಲ್ಲಿ ಪ್ರಶಸ್ತಿ ಓದುವಾಗ ವಿನ್ಯಾಸ ಮಾಡಿದವರ ಜೊತೆಗೆ ಆ ಸಿನಿಮಾದಲ್ಲಿ ಬಿದ್ದ, ಹಾರಿದ, ಬೆಂಕಿ ಹಚ್ಚಿಸಿಕೊಂಡ ಎಲ್ಲರ ಪಟ್ಟಿಯೂ ಪ್ರಕಟವಾಗಲಿ ಅಂತ ಈಗಲೇ ನಿಯಮ ಮಾಡಿ. ಇನ್ನು ಎಂಬತ್ತು ವರ್ಷ ಆದಮೇಲೆ ಯಾರೋ ಒಬ್ಬರು ಕೂತು ಇಂಥದ್ದೇ ಪತ್ರ ಬರೆಯುವ ಹಾಗೆ ಆಗಬಾರದು.

ಇಷ್ಟು ದೂರದಿಂದ ಈ ಮನುಷ್ಯನಿಗೆ ಇದೆಲ್ಲ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ವೆಸ್ಟರ್ನ್‌ಗಳನ್ನು, ಅಂದರೆ ಕೌಬಾಯ್ ಸಿನಿಮಾಗಳನ್ನು, ನಾವೂ ದುಡ್ಡು ಕೊಟ್ಟು ನೋಡಿದ್ದೇವೆ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾ ಈಗ ಇಲ್ಲ, ಆ ಜಾಗದಲ್ಲಿ ಮೆಟ್ರೋ ಬಂದಿದೆ. ನಮ್ಮ ತಂದೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಸಾಲು ನಿಂತು ಇಂಗ್ಲಿಷ್ ಸಿನಿಮಾ ನೋಡೋರು. ಮಾತು ಅರ್ಧ ಅರ್ಥವಾಗದಿದ್ದರೂ ಕುದುರೆ ಅರ್ಥವಾಗುತ್ತಿತ್ತು ಅಂತ ಹೇಳುತ್ತಿದ್ದರು. ಅವರಿಗೆ ಅರ್ಥವಾದ ಆ ಭಾಗ ಯಾರದ್ದು? ತಾರೆಗಳದ್ದಂತೂ ಅಲ್ಲ.

ಪಟ್ಟಿಯನ್ನು ಎಲ್ಲಿಂದ ಶುರುಮಾಡೋದು ಅಂತ ಯೋಚನೆ ಬೇಡ. ಬೆನ್ ಬಂಡಿ ನಿಲ್ಲಿಸಿದ ಕತೆಯನ್ನು ನಾನು ಓದಿದ ಕಡೆಯಲ್ಲೆಲ್ಲ ಬಂಡಿಯಲ್ಲಿ ಮೂವರಿದ್ದರು ಅಂತಷ್ಟೇ ಬರೆದಿರುತ್ತದೆ. ಅವರೂ ಆ ಸಿನಿಮಾದ ಕೆಲಸಕ್ಕೇ ಬಂದಿದ್ದವರು, ಅವತ್ತು ಸಾಯಬೇಕಿತ್ತು, ಉಳಿದರು, ಬಹುಶಃ ಮಾರನೇ ದಿನ ಮತ್ತೆ ಅದೇ ಬಂಡಿ ಹತ್ತಿದರು. ಆ ದಿನದ ಶೂಟಿಂಗ್ ವರದಿ ತೆಗೆಸಿ. ಮೊದಲ ಪುಟದ ಮೊದಲ ಮೂರು ಹೆಸರು ಅವರದ್ದೇ ಬರೆಯಿರಿ.

ಇಂತಿ,
ನಿಮ್ಮ ಹಳೇ ಸಿನಿಮಾಗಳನ್ನು ಇನ್ನೂ ನೋಡುತ್ತಿರುವ ಒಬ್ಬ ಕನ್ನಡಿಗ